ಬೆಂಕಿ ಕಾಣದ ಕೇಕು

ಅಪ್ಪಾ,

ನೀನು ಇದನ್ನು ಓದುವುದಿಲ್ಲವೆಂದು ಗೊತ್ತು. ಆದರೂ ಇವತ್ತಿನದನ್ನು ಇನ್ಯಾರಿಗೆ ಹೇಳಲಿ?

ಅಮ್ಮನ ಹುಟ್ಟುಹಬ್ಬಕ್ಕೆ ಚೀಸ್‌ಕೇಕ್ ಮಾಡಿದೆ. ಓವನ್ ಬೇಡದ ಕೇಕು. ನೀನಿದ್ದಿದ್ದರೆ "ಬೆಂಕಿ ಕಾಣದ್ದನ್ನ ಕೇಕ್ ಅಂತಾರೇನೇ?" ಎಂದು ಮೂಗು ಮುರಿಯುತ್ತಿದ್ದೆ. ನೀನು ಹೋದ ಮೇಲೆ ನಿನ್ನ ಬೇಕರಿ ಓವನ್ನನ್ನು ಮಾರಿದೆ. ಅದರ ಜಾಗದಲ್ಲಿ ಈಗ ಫ್ರಿಜ್ ನಿಂತಿದೆ.

ಬಿಸ್ಕತ್ತಿನ ಪುಡಿಯನ್ನು ಬೆಣ್ಣೆಯಲ್ಲಿ ಕಲಸಿ ನಿನ್ನ ಹಳೇ ತಗಡಿನ ಅಚ್ಚಿನ ತಳಕ್ಕೆ ಒತ್ತಿದೆ. ಕ್ರೀಮ್ ಚೀಸ್, ಸಕ್ಕರೆ, ನಿಂಬೆರಸ ಕಡೆದು ಮೇಲೆ ಸುರಿದು ಫ್ರಿಜ್ಜಿನಲ್ಲಿಟ್ಟೆ. ಸಂಜೆ ತೆಗೆದರೆ ಚೆನ್ನಾಗಿ ಗಟ್ಟಿಯಾಗಿತ್ತು.

ನಾನು ಚಾಕು ಹುಡುಕುತ್ತಿದ್ದೆ. ಅಷ್ಟರಲ್ಲಿ ಅಮ್ಮ, ನಿನ್ನ ಕೇಕು ಓವನ್ನಿನಿಂದ ಬಂದಾಗಲೆಲ್ಲ ಮಾಡುತ್ತಿದ್ದ ಹಾಗೆ, ಬೆಂದಿದೆಯೇ ಎಂದು ನೋಡಲು ಇದರ ನಡುಮಧ್ಯಕ್ಕೂ ಕಡ್ಡಿ ಚುಚ್ಚಿದಳು. ಕಡ್ಡಿಗೆ ಅಂಟಿಕೊಂಡು ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿದಳು.

"ಇನ್ನೂ ಹಸಿ ಇದೆ ಕಣೇ. ಒಳಗಿಡು. ನಿಮ್ಮಪ್ಪ ಬರೋ ಹೊತ್ತಿಗೆ ಆಗತ್ತೆ."

"ಅಮ್ಮಾ, ಇದು ಬೇಯಿಸೋದಲ್ಲ," ಎಂದೆ.

"ನಿಂಗೇನ್ ಗೊತ್ತು? ಅರ್ಧಂಬರ್ಧ ಬೆಂದಿದ್ದನ್ನ ಅವರು ಗಿರಾಕಿಗೇ ಕೊಟ್ಟೋರಲ್ಲ, ಮನೆಯವರಿಗೆ ಕೊಡ್ತಾರಾ?"

ಕೇಕನ್ನು ವಾಪಸ್ ಫ್ರಿಜ್ಜಿನಲ್ಲಿಟ್ಟೆ. ಅಮ್ಮ ಫ್ರಿಜ್ಜಿನ ಎದುರು ಕುರ್ಚಿ ಎಳೆದುಕೊಂಡು ಕೂತಿದ್ದಾಳೆ, ಓವನ್ ಮುಂದೆ ಕೂರುತ್ತಿದ್ದ ಹಾಗೆಯೇ, ಅಂಗೈಗಳನ್ನು ಅದರ ಬಾಗಿಲ ಕಡೆ ಚಾಚಿಕೊಂಡು.