ಆಯಿಕೂಸಿನ ಸೇಡು

ಶಹಾಪುರ,
೧೨ ಸೆಪ್ಟೆಂಬರ್ ೨೦೨೪, ಗುರುವಾರ

ನಮ್ಮ ಓಣಿಯ ನಳದ ಸಾಲಿನ ಏಕಚ್ಛತ್ರಾಧಿಪತಿಯೂ, ಒಂದೇ ನೋಟದಿಂದ ಬಸ್ಸಿನ ಕಂಡಕ್ಟರನ ಬಾಯಿ ಮುಚ್ಚಿಸಬಲ್ಲ ಮಹಾವೀರಳೂ, ಬೈಗುಳ ವಿದ್ಯೆಯಲ್ಲಿ ಶಹಾಪುರ, ಸುರಪುರ, ಯಾದಗಿರಿ ಮೂರೂ ತಾಲೂಕುಗಳಿಗೆ ಪರಮಗುರುವೂ ಆದ ಶ್ರೀ ಶ್ರೀ ಶ್ರೀಮತಿ ಮೌನಮ್ಮ ಆಯಿಯವರ ದಿವ್ಯ ಸನ್ನಿಧಾನಕ್ಕೆ ಮೊಮ್ಮಗ ಬಸಲಿಂಗನು ದೂರದಿಂದಲೇ ಉದ್ದಕ್ಕೆ ಅಡ್ಡಬಿದ್ದು ಮಾಡುವ ಬಿನ್ನಹ.

ಪ್ರೀತಿಯ ಆಯಿ, ಇದನ್ನು ಓದಿ ಹೇಳುತ್ತಿರುವ ಕಾಕಾನ ಮಗಳು ಉಮಾ ಈಗ ನಕ್ಕಿರುತ್ತಾಳೆ. ಅವಳಿಗೆ ಹೇಳು, ಇದು ನಗುವ ಪತ್ರವಲ್ಲ, ಯುದ್ಧದ ವರದಿ. ಒಂದು ಸಾಲನ್ನೂ ನುಂಗದೆ ಓದಬೇಕು. ಅದಿರಲಿ, ನಿನ್ನ ಕಣ್ಣು ಹೇಗಿದೆ? ರಾಯಚೂರಿನಲ್ಲಿ ಆಪರೇಷನ್ ಆದ ಕಣ್ಣಿಗೆ ಕಾಕಾನ ಮನೆಯಲ್ಲಿ ಹೊತ್ತೊತ್ತಿಗೆ ಹನಿ ಹಾಕುತ್ತಾರೋ ಇಲ್ಲವೋ? ಕಪ್ಪು ಕನ್ನಡಕ ಹಾಕಿಕೊಂಡ ನಿನ್ನ ಫೋಟೋವನ್ನು ಕಾಕಾ ಕಳಿಸಿದ್ದ. ಅವ್ವ ಅದನ್ನು ನೋಡಿ ಕಣ್ಣೀರು ತೆಗೆದಳು. ನನಗೆ ಮಾತ್ರ ನೀನು ದೊಡ್ಡ ಪೊಲೀಸ್ ಅಧಿಕಾರಿಯ ಹಾಗೆ ಕಂಡೆ, ಅದರಿಂದಲೇ ಈ ಪತ್ರದ ಯೋಚನೆ ಬಂದದ್ದು. ಒಲೆಯ ಮುಂದೆ ಕೂರಬೇಡ. ರಾಯಚೂರಿನ ಬಿಸಿಲಿಗೆ ಹೊರಗೆ ಬರಬೇಡ. ಕಾಕು ಮಾಡಿದ ಪಲ್ಯಕ್ಕೆ ಹೆಸರಿಡಬೇಡ, ಇಟ್ಟರೂ ಅವಳು ನೀರಿಗೆ ಹೋದಾಗ ಇಡು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಟಂಟಂ ಆಟೋ ಓಡಿಸುತ್ತಾನೆ, ಸುರಪುರದ ದಾರಿಯ ತಗ್ಗುಗಳನ್ನು ಒಂದೊಂದಾಗಿ ಹೆಸರು ಹಿಡಿದು ಬೈಯುತ್ತಾನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದು ನೀನು ಕೇಳಬಹುದು. ಕಾಕಾ ಫೋನು ಬಂದರೆ ಸ್ಪೀಕರ್ ಹಾಕುತ್ತಾನೆ, ಆಮೇಲೆ ಕೇಳಿದ್ದನ್ನೆಲ್ಲ ಅಪ್ಪನಿಗೆ ಮರುಪ್ರಸಾರ ಮಾಡುತ್ತಾನೆ. ಹೀಗಾಗಿ ಅಂಚೆ ಇಲಾಖೆಯನ್ನು ನಂಬಿದ್ದೇನೆ.

ನಮ್ಮ ಹೈಸ್ಕೂಲು ಊರ ಹೊರಗೆ, ಕಾಲುವೆ ದಾಟಿ, ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿರುವ ಆ ಹೊಸ ಬಡಾವಣೆಯಲ್ಲಿ ಇರುವುದು ನಿನಗೆ ಗೊತ್ತು. ಆದರೆ ನೀನು ನೋಡಿದ್ದು ಬರೀ ಗೇಟು, ಒಳಗಿನ ಮಹಾಪುರುಷರನ್ನಲ್ಲ. ಮೊದಲನೆಯವರು ಹೆಡ್ ಮಾಸ್ತರರಾದ ನಸೀರುದ್ದೀನ ಸರ್. ಪ್ರಾರ್ಥನೆಯಲ್ಲಿ ಮೈಕು ಹಿಡಿದು ಎರಡೇ ಮಾತು ಹೇಳುತ್ತೇನೆ ಎಂದು ಶುರು ಮಾಡುತ್ತಾರೆ. ಹಿಂದಿನ ಸಾಲಿನವರು ಹೋಗಿ ನೀರು ಕುಡಿದು, ಜಗಳಾಡಿ, ರಾಜಿಯಾಗಿ ತಿರುಗಿ ಬಂದರೂ ಅವರದು ಮೊದಲನೆಯ ಮಾತೇ ಮುಗಿದಿರುವುದಿಲ್ಲ. ಶಿಕ್ಷೆ ಕೊಡುವುದಂತೂ ಅವರಿಗೆ ಬರುವುದೇ ಇಲ್ಲ, ತಪ್ಪು ಮಾಡಿದವನನ್ನು ಕರೆಸಿ ಮೊದಲು ಊಟ ಆಯಿತೇನು ಎಂದು ಕೇಳುತ್ತಾರೆ. ಎರಡನೆಯವರು ಆಟದ ಅರ್ಜುನ ಸರ್. ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿ, ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಾರೆ. ಉಸಿರು ಬಿಟ್ಟಾಗೊಮ್ಮೆ ಸೀಟಿ ಸಣ್ಣಗೆ ಊದುತ್ತದೆ, ನಾವು ಅದಕ್ಕೆ ತಕ್ಕಂತೆ ಕಬಡ್ಡಿ ಆಡುತ್ತೇವೆ. ಮೂರನೆಯವರು ಹಿಂದಿಯ ಸಾಬೇರಾ ಟೀಚರ್. ನಮ್ಮ ಊರಿನ ಈ ಸೆಕೆಯಲ್ಲಿ ಕೂತು ಉಲ್ಲನ್ ಸ್ವೆಟರ್ ಹೆಣೆಯುತ್ತಾರೆ. ಕೊರಳಿನವರೆಗೆ ಬಂದದ್ದೇ ತಡ, ಸರಿಹೋಗಲಿಲ್ಲ ಎಂದು ಪೂರಾ ಬಿಚ್ಚುತ್ತಾರೆ. ತಲೆ ಎತ್ತುವುದಿಲ್ಲ, ಆದರೆ ಯಾರು ಯಾರ ಜಡೆ ಎಳೆದರು ಎಂಬುದು ಅವರ ಸೂಜಿಗೆ ತಿಳಿಯುತ್ತದೆ.

ಇನ್ನು ನಾಲ್ಕನೆಯವರು. ಉಮಾ, ಇಲ್ಲಿ ಸ್ವಲ್ಪ ನಿಂತು ಗಂಟಲು ಸರಿಮಾಡಿಕೋ. ಗಣಿತದ ಬಸವಂತ್ರಾಯ ಸರ್. ಒಣಕಲು ಮೈ, ಜೇಬಿನ ತುಂಬ ಸೀಮೆಸುಣ್ಣದ ಪುಡಿ, ಊಟದ ಡಬ್ಬಿಯನ್ನು ಗೋಡೆಯ ಕಡೆ ಮುಖ ಮಾಡಿ ತೆಗೆಯುವ ಅಭ್ಯಾಸ. ಬೆತ್ತ ಮುಟ್ಟುವುದಿಲ್ಲ, ಅವರಿಗೆ ಬಾಯಿಯೇ ಸಾಕು. ಒಬ್ಬನನ್ನು ಒಮ್ಮೆ ನೋಡಿದರೆಂದರೆ ಅವನಿಗೊಂದು ಅಡ್ಡಹೆಸರು ಇಟ್ಟರೆಂದೇ ಅರ್ಥ. ನನ್ನ ಗೆಳೆಯ ಅಯಾಜನಿಗೆ ಕರೆಂಟ್ ಕಂಬ. ಅವನ ಅಣ್ಣ ತೌಫೀಕ್ ಇದೇ ಶಾಲೆಯಲ್ಲಿದ್ದಾಗ ಇಟ್ಟ ಹೆಸರು ಗುಡಾಣ. ತೌಫೀಕ್ ಶಾಲೆ ಬಿಟ್ಟು, ಮದುವೆಯಾಗಿ, ಮಗುವಾಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಪಂಚರ್ ಅಂಗಡಿ ಇಟ್ಟ. ಜನ ಇಂದಿಗೂ ದಾರಿ ಕೇಳುವುದು ಗುಡಾಣನ ಅಂಗಡಿ ಎಲ್ಲಿ ಎಂದೇ. ಈ ಸರ್ ಇಟ್ಟ ಹೆಸರು ಹೀಗೆ ಸಾಯುವತನಕ ಬಿಡುವುದಿಲ್ಲ, ನನ್ನ ಭಯ ಅದೇ.

ಜುಲೈನಲ್ಲಿ ನನಗೆ ಜ್ವರ ಬಂದು ಹೋದಮೇಲೆ ಬಿಸಿಯೂಟ ಸೇರುತ್ತಿರಲಿಲ್ಲ, ನೆನಪಿದೆಯಲ್ಲ. ನೀನು ಆ ಮಂಜುಗಣ್ಣಿನಲ್ಲೇ ತಡವರಿಸುತ್ತ ಬುತ್ತಿ ಹಿಡಿದು ಬಂದೆ. ಗೇಟಿಗೆ ಬೀಗ ಇತ್ತು. ಸರಳುಗಳ ನಡುವಿನಿಂದ ಕೈ ತೂರಿಸಿ ನೀನೇ ತುತ್ತು ಮಾಡಿ ಬಾಯಿಗಿಟ್ಟೆ. ನಾನು ಬೇಡ ಅಂದೆ, ಆದರೂ ಬಾಯಿ ತೆರೆದೆ. ಅದನ್ನು ಬಸವಂತ್ರಾಯ ಸರ್ ಕಿಟಕಿಯಿಂದ ನೋಡಿದರು. ಮಧ್ಯಾಹ್ನದ ಮೊದಲ ಪಿರಿಯಡ್ಡೇ ಅವರದು. ಒಳಗೆ ಬಂದವರೇ, “ಏ ಆಯಿಕೂಸೇ, ಏಳು. ತುತ್ತು ನುಂಗಿದ್ಯೋ, ಇನ್ನಾ ಬಾಯಾಗ ಐತೋ?” ಎಂದರು. ಇಡೀ ಕ್ಲಾಸು ನಕ್ಕಿತು. ಬೋರ್ಡಿನ ಲೆಕ್ಕ ನನಗೆ ಬರಲಿಲ್ಲ. ಆಗ ಸರ್ ಹೇಳಿದ್ದನ್ನು ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ. “ನಾಳಿಂದ ನಿಮ್ಮ ಆಯಿನ್ನ ಕಳಸು. ಆಕಿ ಲೆಕ್ಕಾ ಮಾಡ್ತಾಳ, ನೀ ಮನ್ಯಾಗ ತೊಟ್ಲಾಗ ಮಲ್ಕೊ.” ಪಿರಿಯಡ್ ಮುಗಿಯುವವರೆಗೆ ನಿಲ್ಲಿಸಿದರು. ಸಂಜೆಯೊಳಗೆ ಒಂಬತ್ತನೆಯ ಕ್ಲಾಸಿನವರೂ ಆಯಿಕೂಸು ಎನ್ನತೊಡಗಿದರು. ವಾರದೊಳಗೆ ಗೇಟಿನ ಮುಂದೆ ಪೇರಲಹಣ್ಣು ಮಾರುವ ಹಜರಾಬೀ ಕೂಡ ಅದೇ ಹೆಸರಿನಿಂದ ಕರೆದು, ಪ್ರೀತಿಯಿಂದ ಉಪ್ಪು ಖಾರ ಜಾಸ್ತಿ ಹಚ್ಚಿ ಕೊಟ್ಟಳು. ಆ ಹಣ್ಣು ತಿಂದೇ ನಾನು ಪ್ರತಿಜ್ಞೆ ಮಾಡಿದೆ. ಈ ಮನುಷ್ಯನಿಗೂ ಒಂದು ಹೆಸರು ಇಡದೆ ಹತ್ತನೆಯ ಕ್ಲಾಸು ದಾಟುವುದಿಲ್ಲ.

ಅವಕಾಶ ತಾನಾಗಿ ಬಂತು. ನಮ್ಮ ಶಾಲೆಯಲ್ಲಿ ಶಿಕ್ಷಕರ ದಿನದಂದು ಹತ್ತನೆಯವರೇ ಮಾಸ್ತರರಾಗುತ್ತಾರೆ, ಮಾಸ್ತರರು ಬೆಂಚಿನ ಮೇಲೆ ಕೂರುತ್ತಾರೆ. ಬೇರೆ ಶಾಲೆಗಳಲ್ಲಿ ಇದು ಬರೀ ಆಟ, ನಮ್ಮಲ್ಲಿ ನಸೀರುದ್ದೀನ ಸರ್ ಇದಕ್ಕೆ ಸಂವಿಧಾನವನ್ನೇ ಮಾಡಿದ್ದಾರೆ. ಸರ್ ಆದವನಿಗೆ ಆ ಸರ್ ತಮ್ಮ ಚೀಲ, ಪೆನ್ನು, ಡಬ್ಬಿ ಎಲ್ಲ ಒಪ್ಪಿಸಬೇಕು. ಆ ದಿನ ಸರ್ ಆದವನು ಸ್ಟಾಫ್ ರೂಮಿನಲ್ಲಿ ಕೂತು ಆ ಡಬ್ಬಿಯ ಊಟ ಮಾಡಬೇಕು, ಮಾಸ್ತರರು ತಾಟು ಹಿಡಿದು ಬಿಸಿಯೂಟದ ಸಾಲಿನಲ್ಲಿ ನಿಲ್ಲಬೇಕು. ಎದ್ದು ನಿಂತವರು ಕೂರು ಎಂದು ಹೇಳುವವರೆಗೆ ಕೂರುವಂತಿಲ್ಲ. ಯಾರು ಯಾವ ಸರ್ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನನಗೆ ಬಸವಂತ್ರಾಯ ಸರ್ ಬಂದರು. ಹೇಗೆ ಬಂದರು ಎಂದು ಕೇಳಬೇಡ, ಚೀಟಿ ಮಡಚಿದವನು ಅಯಾಜ್.

ಆಯಿ, ನೀನು ಆ ದಿನ ಇರಬೇಕಿತ್ತು. ನಾನು ಅಪ್ಪನ ಪ್ಯಾಂಟು ಹಾಕಿಕೊಂಡು, ಜೇಬಿಗೆ ಸೀಮೆಸುಣ್ಣದ ಪುಡಿ ಬಳಿದುಕೊಂಡು, ಅವರ ಹಾಗೆಯೇ ಒಂದು ಭುಜ ಇಳಿಸಿ ಒಳಗೆ ಬಂದೆ. ಬಾಗಿಲಲ್ಲೇ ಚಪ್ಪಾಳೆ ಬಿತ್ತು. ಬಸವಂತ್ರಾಯ ಸರ್ ನನ್ನ ಜಾಗದಲ್ಲಿ, ಮೂರನೆಯ ಬೆಂಚಿನಲ್ಲಿ, ಮೊಣಕಾಲು ಹಿಡಿಸದೆ ಓರೆಯಾಗಿ ಕೂತಿದ್ದರು. ಅವರೂ ನಗುತ್ತಿದ್ದರು. ನಾನು ಆಕೃತಿಗಳ ಪಾಠ ಶುರು ಮಾಡಿದೆ. ವೃತ್ತ ಬರೆದೆ, ಚೌಕ ಬರೆದೆ. ಆಮೇಲೆ ಅವರ ಚೀಲದಿಂದ ಡಬ್ಬಿ ತೆಗೆದೆ. ಗೋಡೆಯ ಕಡೆ ತಿರುಗಿ ಮುಚ್ಚಳ ತೆರೆದೆ, ಕ್ಲಾಸು ಹುಚ್ಚೆದ್ದು ನಕ್ಕಿತು. ಒಳಗೆ ಜೋಳದ ರೊಟ್ಟಿ ಇತ್ತು. ರೊಟ್ಟಿ ಎಂದು ಮರ್ಯಾದೆಗೆ ಬರೆದಿದ್ದೇನೆ. ಒಂದು ಕಡೆ ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ತೂತು, ಅಂಚೆಲ್ಲ ಕರಕಾಗಿತ್ತು. ಅದನ್ನು ಎತ್ತಿ ಹಿಡಿದು, ಇದು ಯಾವ ಆಕೃತಿ ಹೇಳ್ರಿ ಎಂದೆ. ಹಿಂದಿನಿಂದ ಅಯಾಜ್ ಕೂಗಿದ, “ನಕಾಶಿ ಐತ್ರಿ ಸರ್, ಯಾದಗಿರಿ ಜಿಲ್ಲಾದ್ದು.” ಬೆಂಚುಗಳನ್ನು ಬಡಿದು ಬಡಿದು ನಕ್ಕರು. ಹೆಸರು ಹುಟ್ಟಿತು ಎಂದು ನನಗೆ ಆಗಲೇ ಗೊತ್ತಾಯಿತು. ಅಲ್ಲಿಗೆ ಬಿಡಬಹುದಿತ್ತು. ನಾನು ಬಸವಂತ್ರಾಯ ಸರ್‌ಗೆ ಕೈ ತೋರಿಸಿ, ಅವರದೇ ದನಿಯಲ್ಲಿ ಕೇಳಿದೆ, “ಏ, ನೀ ಏಳು. ಯಾರು ಬಡದಾರ ಈ ರೊಟ್ಟಿ? ನಿಮ್ಮ ಮನ್ಯಾಗ ಹೆಣ್ಮಕ್ಕಳು ಇಲ್ಲೇನು?”

ಅವರು ಎದ್ದರು. ನಿಯಮದ ಪ್ರಕಾರ ಕೈ ಕಟ್ಟಿಕೊಂಡರು. “ನಾನ ಬಡದೀನ್ರಿ ಸರ್. ಇನ್ನಾ ಕಲಿಯಾಕತ್ತೀನ್ರಿ.”

ಅದಕ್ಕೂ ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಮೇಲೆ ಪಾಠ ಮುಂದುವರಿಸಿದೆ, ಬೋರ್ಡು ತುಂಬ ಬರೆದೆ, ಇಬ್ಬರಿಗೆ ಸೀಮೆಸುಣ್ಣದ ಕಡ್ಡಿ ಎಸೆದೆ. ಬೆಲ್ಲು ಬಡಿದಾಗ ತಿರುಗಿ ನೋಡಿದರೆ ಅವರು ನಿಂತೇ ಇದ್ದರು. ನಾನು ಕೂರು ಎಂದಿರಲಿಲ್ಲ. ಮರೆತೆ ಎಂದು ಬೇಕಾದರೆ ತಿಳಿದುಕೋ. ಊಟದ ಹೊತ್ತಿಗೆ ಅವರು ತಾಟು ಹಿಡಿದು ಹುಡುಗರ ಸಾಲಿನಲ್ಲಿ ಕೂತರು. ಅಡುಗೆಯ ಮಲ್ಲಾಬಾಯಿ ಹತ್ತಿರ ಮತ್ತೆ ಮತ್ತೆ ಅನ್ನ ಸಾರು ಕೇಳಿ ಹಾಕಿಸಿಕೊಂಡು, ತಾಟು ಬೆರಳಿನಿಂದ ಒರೆಸಿ ಉಂಡರು. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ಅದನ್ನೂ ನಕಲು ಮಾಡಿ ತೋರಿಸಿ ನಗಿಸಿದೆ.

ಸಂಜೆ ಚೀಲ ಹಿಂದಿರುಗಿಸಲು ಹೋದಾಗ ಸಾಬೇರಾ ಟೀಚರ್ ಒಬ್ಬರೇ ಇದ್ದರು. ಮೊದಲ ಸಲ ಸೂಜಿ ಬದಿಗಿಟ್ಟು ತಲೆ ಎತ್ತಿ ನನ್ನನ್ನು ನೋಡಿದರು. “ಬಸಲಿಂಗ, ಅವರ ಮನಿಯವ್ರು ತೀರಿ ಇನ್ನಾ ವರ್ಷ ತುಂಬಿಲ್ಲೋ. ಬ್ಯಾಸಿಗಿ ಸೂಟಿಯಿಂದ ತಾವ ರೊಟ್ಟಿ ಬಡಿಯಾಕ ಕಲಿಯಾಕತ್ತಾರ,” ಎಂದಷ್ಟೇ ಹೇಳಿ ಮತ್ತೆ ಹೆಣೆಯತೊಡಗಿದರು.

ಆಯಿ, ನ್ಯಾಯವಾಗಿ ನೋಡಿದರೆ ಈ ಸಾಕ್ಷಿ ವಿಚಾರಣೆಗೆ ಮೊದಲೇ ಬರಬೇಕಿತ್ತು. ತಡವಾಗಿ ಬಂದ ಸಾಕ್ಷಿಗೆ ನಾನೇನು ಮಾಡಲಿ? ಗೆಲುವು ಗೆಲುವೇ. ಈಗ ನನ್ನನ್ನು ಯಾರೂ ಆಯಿಕೂಸು ಎನ್ನುವುದಿಲ್ಲ. ಅವರ ಬೆನ್ನ ಹಿಂದೆ ಒಂಬತ್ತನೆಯವರು ನಕಾಶಿ ಸರ್ ಎನ್ನುತ್ತಾರೆ, ಹಜರಾಬೀ ಕೂಡ ನಿನ್ನೆ ಅಂದಳು. ಆದರೆ ಎದುರಾಳಿ ಯುದ್ಧದ ನಿಯಮ ಪಾಲಿಸುತ್ತಿಲ್ಲ. ಮರುದಿನದಿಂದ ನನ್ನನ್ನು ಬಸಲಿಂಗ ಎಂದೇ ಕರೆಯುತ್ತಾರೆ, ಪೂರಾ ಹೆಸರು, ಮೆಲ್ಲಗೆ. ಅಯಾಜನನ್ನು ಅಯಾಜ್ ಎನ್ನುತ್ತಾರೆ. ಯಾರಿಗೂ ಹೊಸ ಹೆಸರಿಲ್ಲ. ನನ್ನ ಲೆಕ್ಕ ತಪ್ಪಾದರೆ ಪಕ್ಕದಲ್ಲಿ ಬಂದು ನಿಂತು ಸರಿ ಮಾಡಿಕೊಟ್ಟು ಹೋಗುತ್ತಾರೆ. ಡಬ್ಬಿ ತರುವುದನ್ನೂ ಬಿಟ್ಟಿದ್ದಾರೆ, ಊಟದ ಬೆಲ್ಲು ಬಡಿದರೆ ಸೈಟಿನ ಕಲ್ಲುಗಳ ನಡುವೆ ಎತ್ತಲೋ ನಡೆದುಕೊಂಡು ಹೋಗುತ್ತಾರೆ. ಒಂದು ಬೈಗುಳ ಬೈದಿದ್ದರೆ ನನಗೆ ಅನ್ನ ಸೇರುತ್ತಿತ್ತು. ಇದು ಮೋಸವಲ್ಲದೆ ಮತ್ತೇನು?

ಈಗ ಮುಖ್ಯ ವಿಷಯ. ಹೆಡ್ ಮಾಸ್ತರರು ನನ್ನನ್ನು ಕರೆಸಿ, ಮನೆಯ ಹಿರಿಯರನ್ನು ಕರೆದುಕೊಂಡು ಬರದಿದ್ದರೆ ಕ್ಲಾಸಿನಲ್ಲಿ ಕೂರಿಸುವುದಿಲ್ಲ ಎಂದು ಕಡಾಖಂಡಿತ ಹೇಳಿದ್ದಾರೆ. ಅಪ್ಪ ಬೇಡ, ಅಪ್ಪ ಏನಾಯಿತು ಎಂದು ಕೇಳುವ ಮೊದಲೇ ಮಾಸ್ತರರ ಕಾಲು ಮುಟ್ಟುತ್ತಾನೆ. ಅವ್ವ ಬೇಡ, ಅವ್ವ ಅಳುತ್ತಾಳೆ. ನೀನೇ ಬರಬೇಕು. ಕಲ್ಯಾಣ ಕರ್ನಾಟಕ ಉತ್ಸವದ ಧ್ವಜ ಏರಿದ ಮರುದಿನ, ಬುಧವಾರ, ಕಪ್ಪು ಕನ್ನಡಕ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಾ. ನಿನ್ನನ್ನು ಲೆಕ್ಕ ಮಾಡಲು ಕಳಿಸು ಎಂದ ಮನುಷ್ಯನ ಮುಂದೆ ನಾನೇ ನಿನ್ನನ್ನು ನಿಲ್ಲಿಸುತ್ತೇನೆ. ನಳದ ಹತ್ತಿರ ಬಳಸುವ ಮಾತುಗಳಲ್ಲಿ ಒಳ್ಳೆಯವನ್ನು ಆರಿಸಿಕೊಂಡು ಬಾ. ಒಬ್ಬಳೇ ಬಸ್ಸು ಹತ್ತಬಾರದು ಎಂದು ಡಾಕ್ಟರ್ ಅಂದರೆ ಕಾಕಾನನ್ನು ಜೊತೆಗೆ ಕರೆದುಕೊಂಡು ಬಾ, ಆದರೆ ಅವನನ್ನು ಗೇಟಿನ ಹೊರಗೇ ನಿಲ್ಲಿಸು.

ಕಾಕಾ, ಕಾಕು ಇಬ್ಬರಿಗೂ ನನ್ನ ಶರಣು ಹೇಳು. ಉಮಾಗೆ ಓದಿದ ಕೂಲಿ ಪೇರಲಹಣ್ಣಿನಲ್ಲಿ ಕೊಡುತ್ತೇನೆ. ನಿನ್ನ ಕಣ್ಣು ನನ್ನನ್ನು ಗುರುತು ಹಿಡಿಯುವಷ್ಟು ಚೊಕ್ಕವಾಗಲಿ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ಇಂತಿ ನಿನ್ನ ಆಜ್ಞಾಧಾರಕ, ರಣರಂಗದಲ್ಲಿ ಅಜೇಯ,
ಬಸಲಿಂಗ

ತಾ.ಕ.: ಉಮಾ, ಇದನ್ನು ಕಾಕಾ ಮನೆಯಲ್ಲಿಲ್ಲದಾಗ ಆಯಿಯ ಕಿವಿಯ ಹತ್ತಿರ ಮೆಲ್ಲಗೆ ಓದು. ಆಯಿ, ಹೆಡ್ ಮಾಸ್ತರರು ಯಾರನ್ನೂ ಕರೆಸಿಲ್ಲ. ಬಸವಂತ್ರಾಯ ಸರ್ ಯಾರ ಮುಂದೆಯೂ ದೂರು ಹೇಳಿಲ್ಲ, ಮನೆಗೆ ಸುದ್ದಿಯನ್ನೂ ಕಳಿಸಿಲ್ಲ. ಸ್ಟಾಫ್ ರೂಮಿನ ಬಾಗಿಲವರೆಗೆ ದಿನಾ ಹೋಗುತ್ತೇನೆ, ಒಳಗೆ ಹೋಗಲು ಕಾಲು ಬರುತ್ತಿಲ್ಲ. ನೀನು ಏನೂ ಮಾತಾಡುವುದು ಬೇಡ, ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು, ತಪ್ಪಾಯಿತು ಸರ್ ಎಂದು ನಾನೇ ಹೇಳುತ್ತೇನೆ.