ನಡುಕದ ಸ್ಲೈಡ್

ಮಾರ್ಚ್ 5
ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ. ಯಾರಲ್ಲಿ ಕೇಳುತ್ತಿದ್ದೇನೋ ಗೊತ್ತಿಲ್ಲ. ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ವಾರ್ಡನ್ ಡೈರಿ ಓದಿಬಿಡುತ್ತಿದ್ದರು... ಆ ಹೆದರಿಕೆ ಇನ್ನೂ ಇದೆ.

ಬೆಳಿಗ್ಗೆ ಲ್ಯಾಬ್. ಮಧ್ಯಾಹ್ನ ಸ್ಲೈಡ್ ತೋರಿಸಿ ಮಾತಾಡುವ ಪ್ರಾಕ್ಟೀಸ್. ಭಾನುವಾರ ಸೋದರತ್ತೆಯ ಬೀದಿಯಲ್ಲಿ ಸಭೆ. ಪಕ್ಕದ ಮೈದಾನದಲ್ಲಿ ಕಿಲೋಮೀಟರುಗಟ್ಟಲೆ ಆಳಕ್ಕೆ ಕೊರೆದು, ನೆಲದೊಳಗಿನ ಬಿಸಿ ಮೇಲೆ ತಂದು ಕರೆಂಟು ಮಾಡುವ ಪ್ರಾಜೆಕ್ಟ್. ವಿವರಿಸಬೇಕಾದವಳು ಇಂಜಿನಿಯರಿಂಗ್ ಫಸ್ಟ್ ಇಯರ್‌ನ ನಾನು!

"ಮನೆ ಹುಡುಗಿ ಹೇಳಿದ್ರೆ ಜನ ನಂಬ್ತಾರೆ" ಅಂದರು ಪ್ರಾಜೆಕ್ಟಿನ ಇಂಜಿನಿಯರ್ ಮೇಡಂ. "ಆದ್ರೆ ಕೊರೆದ ಬಾವಿಯೊಳಕ್ಕೆ ನೀರು ಒತ್ತುವಾಗ ನೆಲ ಸಣ್ಣಗೆ ನಡುಗಬಹುದು. ಅದನ್ನ ಮೊದಲೇ ಹೇಳ್ಬಿಡು. ಆಮೇಲೆ ಹೇಳಿದ್ರೆ ಮೋಸ ಅನಿಸುತ್ತೆ."

ಮಾರ್ಚ್ 8, ಸಂಜೆ
ಹೇಳಲಿಲ್ಲ.
ನಡುಕದ ಸ್ಲೈಡ್ ಬಂತು. ಮುಂದಿನ ಸಾಲಿನ ಟೈಲರ್ ತಾತ ಕನ್ನಡಕ ಏರಿಸಿಕೊಂಡರು. ಪ್ರಶ್ನೆ ಕೇಳುತ್ತಾರೆ, ನನ್ನ ಅರ್ಧಂಬರ್ಧ ಕನ್ನಡ ಕೈಕೊಡುತ್ತದೆ ಅನ್ನಿಸಿತು. ನೆಕ್ಸ್ಟ್ ಒತ್ತಿಬಿಟ್ಟೆ. ಮೇಡಂ ಬಂದಿರಲಿಲ್ಲ.
ಅತ್ತೆ ಎದ್ದು ನಿಂತರು. "ಓದಿದ ಹುಡುಗಿ ಕಣ್ರೀ, ಸುಮ್ಮನೆ ಹೇಳ್ತಾಳಾ? ಒಪ್ಪಿಗೆ ಅಂತ ಎತ್ತಿ ಕೈ!"
ಇಡೀ ಬೀದಿ ಎತ್ತಿತು.
ಮನೆಗೆ ಬಂದ ಮೇಲೆ, "ಏನೂ ತೊಂದರೆ ಆಗಲ್ಲ ತಾನೆ, ಪುಟ್ಟಿ?"
"ಏನೂ ಆಗಲ್ಲ ಅತ್ತೆ."

ಮೇ 17
ಮೈದಾನದ ಬಾವಿಗೆ ನೀರು ಒತ್ತುವುದು ಈ ವಾರ ಶುರುವಾಗಿದೆ. ಅತ್ತೆಯ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಕಪಾಟಿನ ಪಾತ್ರೆಗಳು ಗಲಗಲ ಅಂದವು. ಲಾರಿ ಹೋದ ಹಾಗೆ, ಅಷ್ಟೇ. ಏನೂ ಒಡೆಯಲಿಲ್ಲ. ಆದರೆ ಜನವೆಲ್ಲ ಬಾಗಿಲಿಗೆ ಬಂತು.
"ಏನಮ್ಮ, ಅವತ್ತು ಕೈ ಎತ್ತಿಸಿದೆ, ಇವತ್ತು ನೆಲಾನೇ ಎತ್ತಿಸ್ತಿದ್ದೀಯಾ?" — ಟೈಲರ್ ತಾತ.
"ನಿಮ್ಮ ಇಂಗ್ಲಿಷ್ ರಾಣಿ ಇದನ್ನ ಬಾಯೇ ಬಿಡ್ಲಿಲ್ವಲ್ಲ!" — ಪಕ್ಕದ ಮನೆಯಾಕೆ.
ಅತ್ತೆ ನನ್ನ ಮುಖ ನೋಡಿದರು. ಒಂದೇ ನೋಟ. ತಿಳಿದುಹೋಯಿತು ಅವರಿಗೆ.
"ಹೇಳಿದ್ಳು. ನಿಮಗೆಲ್ಲ ತಿಳಿಸು ಅಂತ ನನಗೇ ಹೇಳಿದ್ಳು. ನಾನೇ ಮರೆತೆ. ಬೈಯೋದಿದ್ರೆ ನನ್ನ ಬೈಯಿರಿ."
ಬೈದರು. ನಾನು ತಟ್ಟೆ ನೋಡುತ್ತಾ ಕೂತೆ. ಥೂ.

ಮೇ 21
ಅತ್ತೆ ಫೋನ್ ಎತ್ತುತ್ತಿಲ್ಲ. ಬೀದಿಯಲ್ಲಿ ಅವರನ್ನು ಯಾರೂ ಮಾತಾಡಿಸುತ್ತಿಲ್ಲವಂತೆ, ಮಾವ ಹೇಳಿದರು. ಪ್ರಾಜೆಕ್ಟ್ ಮುಂದುವರಿಯಬೇಕೋ ಬೇಡವೋ — ಭಾನುವಾರ ಮತ್ತೆ ಸಭೆ. ಮೆಸೇಜ್ ಇಲ್ಲಿ ಬರೆದು ನೋಡಿ ಆಮೇಲೆ ಕಳಿಸುತ್ತೇನೆ:

ಅತ್ತೆ, ನನಗೆ ಮೊದಲೇ ಗೊತ್ತಿತ್ತು, ಮುಚ್ಚಿಟ್ಟೆ ಅಂತ ಎಲ್ಲರೆದುರು ಹೇಳಬೇಕು ಅಂತಿದ್ದೀನಿ. ಪ್ರಾಜೆಕ್ಟ್ ಬೇಡ ಅಂದ್ರೂ ಅನ್ನಲಿ. ಆದ್ರೆ ನಾನು ನಿಜ ಹೇಳಿದ್ರೆ ನೀವು ಸುಳ್ಳು ಹೇಳಿದ್ದು ಬಯಲಾಗುತ್ತೆ. ಹೇಳಲಾ? ಬೇಗ ಉತ್ತರ ಕೊಡಿ