ಗೇಟಿನ ದೀಪ

ರೇನರ್ಸ್ ಲೇನ್, ಲಂಡನ್
ಮಂಗಳವಾರ

ಅವ್ವಾ,

"ದೀಪ ಹಿಡಿದ ಕೈಯಾಗ ಬಳಿ ಸಪ್ಪಳ ಯಾಕ" ಎಂದು ನೀನು ಹಾಡುತ್ತಿದ್ದೆ. ಅದು ಹೀಗೇ ಇತ್ತೇ? ಓಡುವ ರೈಲಿನ ಡ್ರೈವರಿಗೆ ಬಳೆಯ ಸದ್ದು ಎಲ್ಲಿ ಕೇಳಿಸೀತು? ನಾನೇ ಕಟ್ಟಿಕೊಂಡ ಸಾಲೋ ಏನೋ. ಆದರೂ ಶನಿವಾರ ಇಲ್ಲಿನ ಕನ್ನಡ ಕೂಟದಲ್ಲಿ ನಿನ್ನ ಹಾಡೆಂದೇ ಹೇಳಿಬಿಟ್ಟೆ.

ನನ್ನ ಎಂ.ಎ. ಓದಿನ ವಿಷಯವನ್ನೇ ಮಾತಾಡುತ್ತಿದ್ದೆ: ವಿಕ್ಟೋರಿಯಾ ರಾಣಿಯ ಕಾಲದ ರೈಲ್ವೆ ಹೆಂಗಸರು. ಗಂಡನ ಪಗಾರಕ್ಕೆ ತಾವು ಗೇಟು ಕಾದವರು, ಹಳಿಯ ಮೇಲೆ ಸತ್ತವರ ಮಕ್ಕಳಿಗೆ ಬಟ್ಟೆ ಹೊಲಿದವರು. ಜನ ಆಕಳಿಸುತ್ತಿದ್ದರು. ಆಗ ಬಾಯಿ ತಪ್ಪಿತು. ಗೇಟ್‌ಮನ್ ಆಗಿದ್ದ ಅಪ್ಪನಿಗೆ ಇರುಳು ಕಣ್ಣು ಕಾಣದಾದಾಗ, ಅವನ ರೈಲ್ವೆ ಕೋಟು ತೊಟ್ಟು ನಮ್ಮ ಗೇಟಿನಲ್ಲಿ ದೀಪ ತೋರಿಸಿದವಳು ನನ್ನವ್ವ ಎಂದೆ. ಯಾರಿಗೂ ಹೇಳಬೇಡವೆಂದು ನೀನು ಆಣೆ ಮಾಡಿಸಿಕೊಂಡಿದ್ದೆ. ಜೋರು ಚಪ್ಪಾಳೆ ಬಿತ್ತು. ಯಾರೋ ಮಾಡಿಕೊಂಡ ವಿಡಿಯೋ ಮರುದಿನವೇ ನಮ್ಮ ಧಾರವಾಡ ಮುಟ್ಟಿತು.

ಅಪ್ಪ ನನ್ನ ಫೋನ್ ಎತ್ತುತ್ತಿಲ್ಲ. ಆ ವಿಡಿಯೋ ಅಳಿಸಿಹಾಕಿಸಿದ್ದೇನೆ. ನೀನು ಹೇಳಿದ್ದಲ್ಲ, ನಾನೇ ಸಣ್ಣವಳಿದ್ದಾಗ ಕಂಡದ್ದೆಂದು ಅಪ್ಪನಿಗೆ ತಿಳಿಸು. ಅವನಿಗೊಂದು ಸ್ವೆಟರ್ ಕಳಿಸುತ್ತಿದ್ದೇನೆ, ನೀನೇ ಪೇಟೆಯಿಂದ ತಂದದ್ದೆಂದು ಹೇಳಿ ಕೊಡು. ಇಲ್ಲದಿದ್ದರೆ ತೊಡಲಿಕ್ಕಿಲ್ಲ.

ಇಂತಿ ನಿನ್ನ,
ಶಾಂಭವಿ

ಲಕೋಟೆ ಅಂಟಿಸುವ ಮೊದಲೇ ಪಕ್ಕದ ಮನೆಯ ದಾನಮ್ಮ ಬಂದಳು. ವಿಜಯಪುರದವಳು, ಶನಿವಾರ ಕೂಟದಲ್ಲಿ ಅವಳೂ ಇದ್ದಳು. ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತು ಅಂದಳು: "ಅಪ್ಪಾರ ಬಗ್ಗೆ ಯಾರೂ ಕೆಟ್ಟ ಮಾತಾಡಿಲ್ರಿ, ಹೆದರಬ್ಯಾಡ್ರಿ. ನಿಮ್ಮವ್ವನ ಹೆಸರೇನಂತ ಎಲ್ಲಾರೂ ನನಗ ಕೇಳಾಕತ್ತಾರ. ಅಷ್ಟೊತ್ತು ಮಾತಾಡಿದ್ರಿ, ಅದೊಂದು ಹೇಳಲೇ ಇಲ್ಲಲ್ರೀ ಅಕ್ಕಾರ."